ವಿಪರೀತ ಹಾರರ್: ಗೆಳೆಯರ ಜೊತೆ ಯಾವುದನ್ನು ನೋಡೋದು, ಯಾವುದನ್ನು ಬರೀ ಮಾತಾಡೋದು

"ಎಲ್ಲಕ್ಕಿಂತ ಘೋರ ಯಾವುದು?" ಹಾರರ್ ಹುಚ್ಚಿನ ಇಬ್ಬರು ಸೇರಿದರೆ ಮೊದಲು ಬರುವ ಪ್ರಶ್ನೆ ಇದು. ಸಿನಿಮಾ ಆರಿಸಲು ಇದರಷ್ಟು ಕೆಲಸಕ್ಕೆ ಬಾರದ ಪ್ರಶ್ನೆ ಇನ್ನೊಂದಿಲ್ಲ. ಒಂದು ಸಿನಿಮಾದಲ್ಲಿ ಕ್ಯಾಮೆರಾ ಮುಂದೆ ನಿಜವಾಗಿಯೇ ಆಮೆಯನ್ನು ಕೊಂದಿದ್ದಾರೆ. ಇನ್ನೊಂದರಲ್ಲಿ ಕೊಲೆ ಪಕ್ಕದ ಕೋಣೆಯಲ್ಲಿ ನಡೆಯುತ್ತದೆ, ನಮಗೆ ಬರುವುದು ಸದ್ದು ಮಾತ್ರ. ಮೂರನೆಯದರಲ್ಲಿ ಬಕೆಟ್‌ಗಟ್ಟಲೆ ರಕ್ತ ಹರಿಯುತ್ತದೆ, ನೋಡುವವರು ಚಿಪ್ಸ್ ತಿನ್ನುತ್ತಾ ನಗುತ್ತಿರುತ್ತಾರೆ. ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದರೆ ಏನೂ ತಿಳಿಯುವುದಿಲ್ಲ.

ಕೇಳಿಕೊಳ್ಳಬೇಕಾದ್ದು ಎರಡು. ಜೊತೆಗೆ ಕೂರುವವರಿಗೆ ಯಾವುದು ಆಗಿಬರುವುದಿಲ್ಲ? ಸಿನಿಮಾ ಮುಗಿದ ಮೇಲೆ ವಾದ ಮಾಡೋಕೆ ಏನು ಉಳಿಯುತ್ತದೆ? ಮೊದಲನೆಯದಕ್ಕೆ ಉತ್ತರ ಗೊತ್ತಿಲ್ಲದೆ ಸಿನಿಮಾ ಹಾಕಿದರೆ ಸ್ನೇಹ ಕೆಡುತ್ತದೆ. ಎರಡನೆಯದಕ್ಕೆ ಉತ್ತರ ಇಲ್ಲದ ಸಿನಿಮಾ ಆರಿಸಿದರೆ "ಥೂ, ಏನ್ ಗುರು ಇದು" ಅಂತ ಒಂದು ಮಾತಿಗೆ ರಾತ್ರಿ ಮುಗಿಯುತ್ತದೆ. ಇಲ್ಲಿ ಹೆಸರಿಸಿರುವುದೆಲ್ಲ 18 ದಾಟಿದವರಿಗೆ ಮಾತ್ರ.

ನಮ್ಮ ಕಡೆಯವರಿಗೆ ಮೊದಲೇ ಹೇಳಿಡಬೇಕಾದ ಇನ್ನೊಂದು ಸಂಗತಿ ಇದೆ. 'ನಾ ನಿನ್ನ ಬಿಡಲಾರೆ' (1979), 'ಆಪ್ತಮಿತ್ರ' (2004) ನೋಡಿ ಬೆಳೆದ ಕಣ್ಣಿಗೆ ಕಾಟಕ್ಕೊಂದು ಕಾರಣ ಬೇಕು, ಕೊನೆಗೆ ಲೆಕ್ಕ ಚುಕ್ತಾ ಆಗಬೇಕು. ವಿಪರೀತ ಹಾರರ್‌ನಲ್ಲಿ ಬಹುಪಾಲು ದೆವ್ವವೇ ಇರುವುದಿಲ್ಲ, ಲೆಕ್ಕವೂ ಚುಕ್ತಾ ಆಗುವುದಿಲ್ಲ. "ಕೊನೆಗೂ ಅವ್ರಿಗೆ ಏನೂ ಆಗಲ್ವಾ?" ಎಂದು ಕೇಳುವ ಗೆಳೆಯನಿಗೆ ಇದನ್ನು ಮುಂಚೆ ಹೇಳದಿದ್ದರೆ ಆತ ನಿರ್ದೇಶಕನನ್ನು ಬಿಟ್ಟು ನಿಮ್ಮನ್ನು ಬೈಯುತ್ತಾನೆ.

ಹಾಕುವ ಮುಂಚೆ ಕೇಳುವುದು

"ನಿಂಗೇನಾದ್ರೂ ತೊಂದ್ರೆ ಇದ್ಯಾ?" ಎಂದು ಒಟ್ಟಾರೆ ಕೇಳಬೇಡಿ. ಎಲ್ಲರೂ "ಏನಿಲ್ಲ, ಹಾಕು ಮಗಾ" ಅಂತಲೇ ಅನ್ನುವುದು. ಬಿಡಿಬಿಡಿಯಾಗಿ ಕೇಳಿ.

"ಲೋ, ಇದ್ರಲ್ಲಿ ನಾಯಿ ಸಾಯುತ್ತೆ. ನಡೆಯುತ್ತಾ?"

"ಮನುಷ್ಯರು ಸತ್ರೆ ಪರ್ವಾಗಿಲ್ಲ ಕಣೋ, ನಾಯಿ ಬೇಡ."

ತಮಾಷೆಯಂತೆ ಕೇಳಿಸಿದರೂ ಇದು ಬಹಳ ಜನರ ನಿಜವಾದ ಉತ್ತರ. ಹೀಗೆ ಕೇಳಬೇಕಾದ ವಿಷಯಗಳು ಐದಾರಿವೆ: ಪ್ರಾಣಿ, ಅತ್ಯಾಚಾರ, ಮಕ್ಕಳಿಗೆ ಆಗುವ ಹಿಂಸೆ, ಸೂಜಿ-ಕಣ್ಣು-ಉಗುರಿನ ನೋವು, ವಾಂತಿ-ಮಲ, ಪಟಪಟ ಮಿಂಚುವ ಬೆಳಕು. ಕೊನೆಯದು ಹೆದರಿಕೆಯ ವಿಷಯವಲ್ಲ. ಮೂರ್ಛೆ ರೋಗ ಇರುವ ಕೆಲವರಿಗೆ ಮಿಂಚುವ ಬೆಳಕಿನಿಂದ ಫಿಟ್ಸ್ ಬರುತ್ತದೆ, 'ಇರ್‌ರಿವರ್ಸಿಬಲ್' ಎಂಬ ಸಿನಿಮಾ ಮುಗಿಯುವುದೇ ಅಂಥ ಬೆಳಕಿನಲ್ಲಿ.

ಯಾವ ಸಿನಿಮಾದಲ್ಲಿ ಯಾವುದಿದೆ ಎಂದು ತಿಳಿಯಲು ಅದನ್ನು ನೋಡಲೇಬೇಕಿಲ್ಲ. 'ಡಸ್ ದ ಡಾಗ್ ಡೈ' ಎಂಬ ತಾಣದಲ್ಲಿ ಪ್ರತಿ ವಿಷಯಕ್ಕೂ ಹೌದು-ಇಲ್ಲ ಎಂದು ನೋಡುಗರೇ ಗುರುತು ಹಾಕಿರುತ್ತಾರೆ. ಸಿನಿಮಾ ಮಾಹಿತಿಯ ತಾಣ ಐಎಂಡಿಬಿಯ ಪೇರೆಂಟ್ಸ್ ಗೈಡ್‌ನಲ್ಲಿ ದೃಶ್ಯಗಳ ವಿವರ ಸಿಗುತ್ತದೆ, ಆದರೆ ಕಥೆಯ ಗುಟ್ಟೂ ಬಯಲಾಗಿರುತ್ತದೆ. ಆದ್ದರಿಂದ ಇಬ್ಬರಲ್ಲಿ ಒಬ್ಬರು ಮಾತ್ರ ಓದಿ, ಇನ್ನೊಬ್ಬರಿಗೆ ಬೇಕಾದಷ್ಟು ಹೇಳುವುದು ಮೇಲು. ನಮ್ಮ 'ಎ' ಸರ್ಟಿಫಿಕೇಟ್ ಹೇಳುವುದು ವಯಸ್ಸನ್ನಷ್ಟೇ. 2021ರ ನಿಯಮಗಳ ನಂತರ ಓಟಿಟಿಯಲ್ಲಿ ಸಿನಿಮಾ ಶುರುವಾಗುವಾಗ ಮೂಲೆಯಲ್ಲಿ ಬರುವ ಸಣ್ಣ ಸಾಲು ಅದಕ್ಕಿಂತ ಉಪಯೋಗಿ, ಯಾಕೆಂದರೆ ಹಿಂಸೆಯೋ ಲೈಂಗಿಕ ದೃಶ್ಯವೋ ಎಂಬುದನ್ನು ಅದು ಬೇರೆ ಮಾಡಿ ಹೇಳುತ್ತದೆ.

ಮೊದಲ ಸಲಕ್ಕೆ: 'ರಾ' ಅಥವಾ 'ಫನಿ ಗೇಮ್ಸ್'

ತುಮಕೂರಿನ ಇಬ್ಬರು ಗೆಳೆಯರಿಗೆ ಒಂದೇ ಒಂದು ಸಿನಿಮಾ ಹೇಳಿ ಎಂದರೆ, ಜೂಲಿಯಾ ಡುಕುರ್ನೊ ನಿರ್ದೇಶಿಸಿದ ಫ್ರೆಂಚ್ ಸಿನಿಮಾ 'ರಾ' (2016). ಶುದ್ಧ ಸಸ್ಯಾಹಾರಿ ಮನೆಯ ಹುಡುಗಿ ಪಶುವೈದ್ಯಕೀಯ ಕಾಲೇಜಿಗೆ ಸೇರುತ್ತಾಳೆ. ರ‍್ಯಾಗಿಂಗ್‌ನಲ್ಲಿ ಸೀನಿಯರ್‌ಗಳು ಮೊಲದ ಹಸಿ ಮೂತ್ರಪಿಂಡ ತಿನ್ನಿಸುತ್ತಾರೆ. ಮೈಮೇಲೆ ದದ್ದು ಏಳುತ್ತದೆ, ಆಮೇಲೆ ಮಾಂಸದ ಚಪಲ ಹತ್ತುತ್ತದೆ, ಅದು ಮೊಲ-ಕೋಳಿಗೆ ನಿಲ್ಲುವುದಿಲ್ಲ. ಹಾಸ್ಟೆಲ್ ಮತ್ತು ಊಟ, ಎರಡೂ ಇಲ್ಲಿನವರಿಗೆ ಹೊಸದಾಗಿ ವಿವರಿಸಬೇಕಾದ ಲೋಕಗಳಲ್ಲ. ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯವನೂ ಭಾನುವಾರ ಬೆಳಗ್ಗೆ ಮಟನ್ ಅಂಗಡಿ ಮುಂದೆ ಸಾಲಿನಲ್ಲಿ ನಿಲ್ಲುವವನೂ ಪಕ್ಕಪಕ್ಕ ಕೂತು ನೋಡಿದರೆ ಇಬ್ಬರಿಗೂ ಅಸಹ್ಯ ಆಗುವ ಜಾಗಗಳು ಬೇರೆಬೇರೆ. ಆ ವ್ಯತ್ಯಾಸವೇ ಮಾತಿನ ಬಂಡವಾಳ. ಬೆರಳಿನ ದೃಶ್ಯಕ್ಕೆ ಮಾತ್ರ ಮುನ್ಸೂಚನೆ ಕೊಡಿ. 2016ರಲ್ಲಿ ಟೊರಾಂಟೊ ಚಿತ್ರೋತ್ಸವದ ಪ್ರದರ್ಶನದಲ್ಲಿ ಕೆಲವು ಪ್ರೇಕ್ಷಕರಿಗೆ ವೈದ್ಯಕೀಯ ನೆರವು ಬೇಕಾಗಿತ್ತು. ಪ್ರಚಾರಕ್ಕೆ ಅದನ್ನು ಸಾಕಷ್ಟು ಉಬ್ಬಿಸಿದರು ಅನ್ನಿ. ನಿಜಕ್ಕೂ ಇದು ಅಕ್ಕ-ತಂಗಿಯರ ಕಥೆ, ನಗುವೂ ಇದೆ.

ಮಿಶಾಯೆಲ್ ಹಾನೆಕೆಯ 'ಫನಿ ಗೇಮ್ಸ್' (1997) ಇದಕ್ಕೆ ತದ್ವಿರುದ್ಧ. ಕೆರೆದಂಡೆಯ ಮನೆಗೆ ಬಿಳಿ ಕೈಗವಸು ತೊಟ್ಟ ಇಬ್ಬರು ವಿನಯವಂತ ಹುಡುಗರು ಮೊಟ್ಟೆ ಕೇಳಿಕೊಂಡು ಬರುತ್ತಾರೆ. ಆಮೇಲಿನ ಹಿಂಸೆ ಬಹುಪಾಲು ತೆರೆಯ ಹೊರಗೆ. ಅವರಲ್ಲಿ ಒಬ್ಬ ಆಗಾಗ ಕ್ಯಾಮೆರಾ ಕಡೆ ತಿರುಗಿ ನೋಡುಗರನ್ನೇ ಮಾತಾಡಿಸುತ್ತಾನೆ. ಒಂದು ಸಾವಿನ ನಂತರ ಕ್ಯಾಮೆರಾ ಹೆಚ್ಚುಕಡಿಮೆ ಅಲುಗದೆ ಸುಮಾರು ಹತ್ತು ನಿಮಿಷ ಆ ಕೋಣೆಯಲ್ಲೇ ನಿಲ್ಲುತ್ತದೆ. ಅಲ್ಲಿ ಫೋನ್ ತೆಗೆದವರಿಗೆ ಸಿನಿಮಾ ತಪ್ಪಿಹೋಯಿತೆಂದೇ ಲೆಕ್ಕ. ಟಿವಿ ರಿಮೋಟ್‌ನ ಒಂದು ದೃಶ್ಯ ಇದೆ, ಅದು ಏನೆಂದು ಮೊದಲೇ ಹೇಳಬೇಡಿ. ಮುಗಿದ ಕೂಡಲೇ ಕೇಳಲು ಒಂದು ಪ್ರಶ್ನೆ ಸಾಕು: ಆ ಕ್ಷಣ ನಿನಗೆ ಖುಷಿಯಾಯಿತೋ ಇಲ್ಲವೋ? ಗಂಟೆಗಟ್ಟಲೆ ನಡೆಯುವ ವಾದ. ಹಾನೆಕೆಯೇ 2007ರಲ್ಲಿ ಇಂಗ್ಲಿಷಿನಲ್ಲಿ ಶಾಟ್‌ಗೆ ಶಾಟ್ ಮತ್ತೆ ತೆಗೆದಿದ್ದಾನೆ. ಸಬ್‌ಟೈಟಲ್ ಓದಲು ಬೇಸರಪಡುವ ಗೆಳೆಯನಿಗೆ ಅದನ್ನೇ ಹಾಕಿದರೆ ನಷ್ಟವೇನಿಲ್ಲ.

ನಾಯಿ ಬೇಡ ಎಂದವರಿಗೆ ಎರಡೂ ಆಗುವುದಿಲ್ಲ. ತಕಾಶಿ ಮೀಕೆಯ ಜಪಾನಿ ಸಿನಿಮಾ 'ಆಡಿಷನ್' (1999) ಇನ್ನೊಂದು ಆಯ್ಕೆ, ಆದರೆ ಅದರಲ್ಲೂ ನಾಯಿ ಸಾಯುತ್ತದೆ, ಸೂಜಿಗೆ ಹೆದರುವವರನ್ನಂತೂ ಹತ್ತಿರ ಬಿಡಬೇಡಿ. ಹೆಂಡತಿ ತೀರಿಕೊಂಡ ಒಬ್ಬ ಗಂಡಸು ಸುಳ್ಳು ಆಡಿಷನ್ ನಡೆಸಿ ಹೆಣ್ಣು ನೋಡುತ್ತಾನೆ. ಮೊದಲ ಒಂದು ಗಂಟೆ ಹೆಚ್ಚುಕಡಿಮೆ ಪ್ರೇಮಕಥೆ. ಇಲ್ಲಿ ಆಗುವ ಎಡವಟ್ಟು ಒಂದೇ: "ಏನೂ ಆಗ್ತಾನೇ ಇಲ್ವಲ್ಲೋ" ಎಂದು ಗೆಳೆಯ ಮುಂದಕ್ಕೆ ಓಡಿಸುತ್ತಾನೆ, ಕೊನೆಯ ಭಾಗ ಬರೀ ಚಿತ್ರಹಿಂಸೆಯಾಗಿ ಕಾಣುತ್ತದೆ. ಹುಡುಗಿ ನೋಡುವ ಶಾಸ್ತ್ರ ನಡೆಯುವ ನಾಡಿನಲ್ಲಿ ಆ ಮೊದಲ ಗಂಟೆಯೇ ಹೆಚ್ಚು ಮಾತಾಡಿಸಬೇಕಾದ್ದು.

ಕಣ್ಣು ಕಂಡದ್ದು, ಮನಸ್ಸು ಸೇರಿಸಿದ್ದು

'ದ ಟೆಕ್ಸಸ್ ಚೈನ್ ಸಾ ಮ್ಯಾಸಕರ್' (1974) ಕೇವಲ 83 ನಿಮಿಷ. ಹೆಸರು ಕೇಳಿದರೆ ರಕ್ತದ ಹೊಳೆ ಎನಿಸುತ್ತದೆ, ತೆರೆಯ ಮೇಲೆ ಕಾಣುವ ರಕ್ತ ಬಹಳ ಕಡಿಮೆ. ಕೊಕ್ಕೆಗೆ ನೇತುಹಾಕುವ ಪ್ರಸಿದ್ಧ ದೃಶ್ಯದಲ್ಲಿ ಕೊಕ್ಕೆ ಮೈಯೊಳಗೆ ಹೊಗುವುದನ್ನು ತೋರಿಸುವುದೇ ಇಲ್ಲ. ಇಬ್ಬರೂ ನೋಡಿದ ಮರುದಿನ, ಆ ದೃಶ್ಯದಲ್ಲಿ ಏನೇನು ಕಂಡಿರಿ ಎಂದು ಬೇರೆಬೇರೆ ಹಾಳೆಯಲ್ಲಿ ಬರೆಯಿರಿ. ಆಮೇಲೆ ಆ ಎರಡು ನಿಮಿಷ ಮತ್ತೆ ಹಾಕಿ. ಹಾಳೆಯಲ್ಲಿರುವ ಅರ್ಧ ತೆರೆಯ ಮೇಲೆ ಸಿಗುವುದಿಲ್ಲ. ಸೆನ್ಸಾರ್ ಏನನ್ನು ಕತ್ತರಿಸಬಹುದು, ಏನನ್ನು ಕತ್ತರಿಸಲಾಗದು ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

'ಟೆರಿಫೈಯರ್ 3' (2024) ಇನ್ನೊಂದು ತುದಿ. ಎಲ್ಲವನ್ನೂ ತೋರಿಸುತ್ತದೆ. ಫ್ರಾನ್ಸ್‌ನಲ್ಲಿ 18ರ ಒಳಗಿನವರಿಗೆ ನಿಷೇಧಿಸಿದರು. ಮೇಕಪ್, ರಬ್ಬರ್, ನಕಲಿ ರಕ್ತದ ಕೈಚಳಕ ಇಷ್ಟಪಡುವವರಿಗೆ ಹಬ್ಬ. ಹತ್ತು ಜನ ಸೇರಿ ಕೂಗಾಡುತ್ತಾ ನೋಡಲು ಸರಿ, ಮರುದಿನ ಮಾತಾಡಲು ಏನೂ ಉಳಿಯುವುದಿಲ್ಲ.

ನಡುವಿನ ಕಷ್ಟದ ಮೂರು

ಪಾಸ್ಕಲ್ ಲೋಜಿಯೆಯ 'ಮಾರ್ಟರ್ಸ್' (2008), ಗ್ಯಾಸ್ಪರ್ ನೊಯೆಯ 'ಇರ್‌ರಿವರ್ಸಿಬಲ್' (2002), ರುಜ್ಜೆರೊ ಡಿಯೊಡಾಟೊನ 'ಕ್ಯಾನಿಬಲ್ ಹೊಲೊಕಾಸ್ಟ್' (1980). ಮೂರೂ ಕಷ್ಟ, ಕಷ್ಟದ ಜಾಗ ಬೇರೆ.

'ಮಾರ್ಟರ್ಸ್' ಅರ್ಧಕ್ಕೆ ಬಂದಾಗ ಬೇರೆಯೇ ಸಿನಿಮಾ ಆಗಿಬಿಡುತ್ತದೆ. ಯಾತನೆಯ ತುದಿ ಮುಟ್ಟಿದವರಿಗೆ ಸಾವಿನಾಚೆ ಕಾಣುತ್ತದೆ ಎಂದು ನಂಬಿದ ಶ್ರೀಮಂತರ ಗುಂಪೊಂದು ಹುಡುಗಿಯರನ್ನು ಹಿಂಸಿಸುತ್ತದೆ. ದೇಹ ದಂಡಿಸಿದರೆ ಜ್ಞಾನ ಬರುತ್ತದೆಂಬ ಮಾತು ನಮ್ಮಲ್ಲೂ ಹಳೆಯದೇ. ನಮ್ಮ ಕಥೆಗಳಲ್ಲಿ ದಂಡಿಸಿಕೊಳ್ಳುವವರು ತಾವಾಗಿಯೇ ಮುಂದಾದವರು, ಇಲ್ಲಿ ನೋವು ಒಬ್ಬರದು, ಫಲ ಇನ್ನೊಬ್ಬರಿಗೆ. ಕೊನೆಯ ಪಿಸುಮಾತು ನಮಗೆ ಕೇಳಿಸುವುದಿಲ್ಲ, ಅದೇನಿರಬಹುದು ಎಂಬುದಕ್ಕೇ ಒಂದು ಸಂಜೆ ಬೇಕು. ಎರಡನೇ ಅರ್ಧದ ಹೊಡೆತಗಳಲ್ಲಿ ಕಥೆ ನಿಂತೇಹೋದಂತೆ ಅನ್ನಿಸುತ್ತದೆ. ಅದು ಬೇಕೆಂದೇ ಮಾಡಿದ್ದು ಎಂದು ಗೊತ್ತಿದ್ದವರಿಗೂ ಸಾಕಾಗುತ್ತದೆ.

'ಇರ್‌ರಿವರ್ಸಿಬಲ್' ಕಥೆಯನ್ನು ಕೊನೆಯಿಂದ ಮೊದಲಿಗೆ ಹೇಳುತ್ತದೆ: ಮೊದಲು ಸೇಡು, ಆಮೇಲೆ ಕಾರಣ. ನಡುವೆ ಸುರಂಗದಲ್ಲಿ ಅತ್ಯಾಚಾರ, ಒಂದೇ ಶಾಟ್, ಸುಮಾರು ಒಂಬತ್ತು ನಿಮಿಷ. ಇದನ್ನು ಯಾರಿಗೂ 'ಸರ್‌ಪ್ರೈಸ್' ಎಂದು ಹಾಕಬಾರದು, ಗಂಡಸಿಗೂ ಕೂಡ. ಯಾರ ಜೀವನದಲ್ಲಿ ಏನಾಗಿದೆ ಎಂಬುದು ಪಕ್ಕದಲ್ಲಿ ಕೂತ ಮಾತ್ರಕ್ಕೆ ತಿಳಿಯುವುದಿಲ್ಲ. ವಾದ ಇರುವುದು ಎರಡು ಕಡೆ: ಅಷ್ಟು ಹೊತ್ತು ತೋರಿಸಿದ್ದು ಪ್ರಾಮಾಣಿಕತೆಯೋ ಕ್ರೌರ್ಯವೋ? ಸೇಡನ್ನು ಮೊದಲು ನೋಡಿದ್ದರಿಂದ ಅದರ ರುಚಿ ಕೆಟ್ಟಿತೋ? 'ಸೇಡು ತೀರಿತು' ಎಂದು ಚಪ್ಪಾಳೆ ಹೊಡೆಸುವ ನಮ್ಮ ಕಮರ್ಷಿಯಲ್ ಸಿನಿಮಾಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಎರಡನೇ ಪ್ರಶ್ನೆ ಬಹಳ ದೂರ ಹೋಗುತ್ತದೆ.

'ಕ್ಯಾನಿಬಲ್ ಹೊಲೊಕಾಸ್ಟ್' ವಾದಕ್ಕೆ ಎಲ್ಲಕ್ಕಿಂತ ಸಮೃದ್ಧ, ನೋಡಲು ಎಲ್ಲಕ್ಕಿಂತ ಅಸಹ್ಯ. ಕಾಡಿನಲ್ಲಿ ಕಾಣೆಯಾದ ಟಿವಿ ತಂಡದ ರೀಲುಗಳು ಸಿಕ್ಕಿವೆ ಎಂಬುದು ಕಥೆ. 'ದ ಬ್ಲೇರ್ ವಿಚ್ ಪ್ರಾಜೆಕ್ಟ್'ನಿಂದ (1999) ಹಿಡಿದು ನಮ್ಮ '6-5=2'ವರೆಗೆ (2013) ಹರಿದ 'ಸಿಕ್ಕ ವಿಡಿಯೊ' ಶೈಲಿಗೆ ಇದು ಹಿರಿಯಣ್ಣ. ಇಟಲಿಯಲ್ಲಿ ಸಿನಿಮಾ ಜಪ್ತಿ ಆಯಿತು, ನಟರು ಸತ್ತಿಲ್ಲ ಎಂದು ತೋರಿಸಲು ನಿರ್ದೇಶಕ ಅವರನ್ನೇ ಕರೆತರಬೇಕಾಯಿತು. ಮನುಷ್ಯರ ಸಾವು ನಾಟಕ, ಪ್ರಾಣಿಗಳ ಸಾವು ನಿಜ. ಟಿವಿಯವರು ಟಿಆರ್‌ಪಿಗಾಗಿ ಕ್ರೌರ್ಯ ಹುಟ್ಟಿಸುತ್ತಾರೆ ಎಂದು ಸಿನಿಮಾ ಬೈಯುತ್ತದೆ, ಅದನ್ನೇ ಮಾಡಿ ತೋರಿಸುತ್ತದೆ.

ಇಲ್ಲಿ ಮಾರಿಹಬ್ಬದಲ್ಲಿ ಕುರಿ ಕಡಿಯುವುದನ್ನು ಚಿಕ್ಕಂದಿನಿಂದ ನೋಡಿದ ಸಿರಾ, ಪಾವಗಡ ಕಡೆಯ ಗೆಳೆಯನಿಗೆ ಆಮೆ ಕತ್ತರಿಸುವ ದೃಶ್ಯ ತಡೆಯಲಾಗದೆ ಹೋಗಬಹುದು. ಆತ ಬೂಟಾಟಿಕೆ ಮಾಡುತ್ತಿದ್ದಾನೆ ಎಂದು ಹಂಗಿಸುವುದು ಸುಲಭ. ಹಂಗಿಸಿದರೆ ಮಾತು ಅಲ್ಲಿಗೆ ಸತ್ತಿತು. ವ್ಯತ್ಯಾಸ ಎಲ್ಲಿದೆ ಎಂದು ಕೇಳಿ: ಊಟಕ್ಕೋ, ಹರಕೆಗೋ, ಕ್ಯಾಮೆರಾಕ್ಕೋ? ಹಾಗೆಯೇ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೋ ಹಳ್ಳಿಯ ಚಪ್ಪರದಲ್ಲೋ ಪೌರಾಣಿಕ ನಾಟಕ ನೋಡಿದವರಿಗೆ ಭೀಮ ದುಶ್ಶಾಸನನ ಎದೆ ಸೀಳುವುದು ಗೊತ್ತು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ನೋಡುತ್ತೇವೆ. ಆ ರಕ್ತ ಯಾಕೆ ಹೊಟ್ಟೆ ತೊಳೆಸುವುದಿಲ್ಲ? ನಮ್ಮ ಅಭಿಪ್ರಾಯದಲ್ಲಿ ಈ ಸಿನಿಮಾದ ಪ್ರಾಣಿಹಿಂಸೆಗೆ ಸಮರ್ಥನೆ ಇಲ್ಲ. ನೋಡಲೇಬೇಕೆಂದರೆ ಕತ್ತರಿಸಿದ ಪ್ರತಿ ನೋಡಿ, ವಾದಕ್ಕೆ ಏನೂ ಕಡಿಮೆಯಾಗುವುದಿಲ್ಲ.

ನೋಡದೆ ಮಾತಾಡುವವು

ಇಟಲಿಯ ನಿರ್ದೇಶಕ ಪಸೋಲಿನಿಯ 'ಸಾಲೊ' (1975), 'ಎ ಸರ್ಬಿಯನ್ ಫಿಲ್ಮ್' (2010). ಎರಡನ್ನೂ ಪಟ್ಟಿಯಿಂದ ಹೊರಗಿಡಲು ಹೆದರಿಕೆ ಕಾರಣವಲ್ಲ. 'ಸಾಲೊ'ದಲ್ಲಿ ಬಲಿಯಾಗುವವರು ಕಥೆಯ ಪ್ರಕಾರ ಹದಿಹರೆಯದವರು, ಸರ್ಬಿಯಾದ್ದರಲ್ಲಿ ಇನ್ನೂ ಚಿಕ್ಕವರನ್ನು ಸೂಚಿಸುವ ದೃಶ್ಯಗಳಿವೆ. ನಟನೆಯೇ ಆಗಿದ್ದರೂ, 2019ರ ತಿದ್ದುಪಡಿಯ ನಂತರ ಪೋಕ್ಸೊ ಕಾಯ್ದೆಯಲ್ಲಿ ಮಕ್ಕಳ ಅಶ್ಲೀಲ ಚಿತ್ರಣದ ವ್ಯಾಖ್ಯೆ 'ಮಗುವಿನಂತೆ ತೋರುವ' ಚಿತ್ರಣವನ್ನೂ ಒಳಗೊಳ್ಳುತ್ತದೆ. ಟೆಲಿಗ್ರಾಂನಲ್ಲಿ ಹುಡುಕಿ ಇಳಿಸಿಕೊಳ್ಳುವುದು, ಗೆಳೆಯನಿಗೆ ಕಳಿಸುವುದು ಬೇಡವೇ ಬೇಡ.

'ಸಾಲೊ' ಬಗ್ಗೆ ಓದಿ ಮಾತಾಡಲು ಬೇಕಾದಷ್ಟಿದೆ. ಮುಸೊಲಿನಿಯ ಕೊನೆಯ ದಿನಗಳ ಇಟಲಿಯಲ್ಲಿ ಅಧಿಕಾರಸ್ಥ ನಾಲ್ವರು ಎಳೆಯರನ್ನು ಕೂಡಿಹಾಕಿ ಹಿಂಸಿಸುವ ಕಥೆ. ಪಸೋಲಿನಿ ಸಿನಿಮಾ ಬಿಡುಗಡೆಗೆ ಮುಂಚೆಯೇ, 1975ರ ನವೆಂಬರ್ 2ರಂದು ಕೊಲೆಯಾದ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಮತ್ತೆ ಮತ್ತೆ ನಿಷೇಧ ಬಿತ್ತು. 2010ರಲ್ಲಿ ಡಿವಿಡಿಗೆ ಒಪ್ಪಿಗೆ ಕೊಟ್ಟಾಗ ಹೇಳಿದ ಕಾರಣ ಕುತೂಹಲದ್ದು: ಜೊತೆಗಿದ್ದ 176 ನಿಮಿಷಗಳ ಹೆಚ್ಚುವರಿ ಸಾಮಗ್ರಿ ಸಿನಿಮಾಕ್ಕೆ ಸಂದರ್ಭ ಒದಗಿಸುತ್ತದೆ ಎಂಬುದು. ಅಂದರೆ ಸಿನಿಮಾಕ್ಕಿಂತ ಅದರ ಸುತ್ತಲಿನ ಮಾತೇ ಉದ್ದ. ಸರ್ಬಿಯಾದ್ದಕ್ಕೆ ಬ್ರಿಟನ್‌ನ ಸೆನ್ಸಾರ್ ಮಂಡಳಿ 49 ಕಡೆ ಕತ್ತರಿ ಹಾಕಿತು, ಹೋದದ್ದು 4 ನಿಮಿಷ 11 ಸೆಕೆಂಡ್. ದೇಶವೇ ನಮ್ಮನ್ನು ಹುಟ್ಟಿನಿಂದ ಹಿಂಸಿಸುತ್ತಿದೆ ಎಂಬ ರೂಪಕ ಅದು ಎಂದು ನಿರ್ದೇಶಕ ವಾದಿಸಿದ್ದಾನೆ. ರೂಪಕಕ್ಕೆ ಅಷ್ಟು ಬೇಕಿತ್ತೇ ಎಂದು ಚರ್ಚಿಸಲು ಸಿನಿಮಾ ಹಾಕಬೇಕಾಗಿಲ್ಲ.

ಇಬ್ಬರೂ ನೋಡಿದ್ದು ಒಂದೇ ಸಿನಿಮಾನಾ?

ಅರ್ಧ ಜಗಳಗಳ ಮೂಲ ಇಲ್ಲೇ. "ಆ ಸೀನ್ ಇಲ್ವೇ ಇಲ್ಲ" ಎಂದು ಒಬ್ಬ, "ಇದೆ ಗುರು, ನಾನೇ ನೋಡಿದೀನಿ" ಎಂದು ಇನ್ನೊಬ್ಬ. ಇಬ್ಬರೂ ಸರಿ ಇರಬಹುದು. 'ಕ್ಯಾನಿಬಲ್ ಹೊಲೊಕಾಸ್ಟ್'ನ ಬ್ರಿಟಿಷ್ ಪ್ರತಿಯಲ್ಲಿ 2001ರಲ್ಲಿ 5 ನಿಮಿಷ 44 ಸೆಕೆಂಡ್ ಕತ್ತರಿಸಿದ್ದರು, 2011ರಲ್ಲಿ 15 ಸೆಕೆಂಡ್ ಮಾತ್ರ. 'ಇರ್‌ರಿವರ್ಸಿಬಲ್'ನ್ನು ನೊಯೆಯೇ 2019ರಲ್ಲಿ ನೇರ ಕಾಲಕ್ರಮದಲ್ಲಿ ಮರುಜೋಡಿಸಿ ಬಿಟ್ಟ, ಅದನ್ನು ನೋಡಿದವರ ಜೊತೆ ಸೇಡಿನ ವಾದ ಮಾಡುವುದೇ ವ್ಯರ್ಥ. 'ಮಿಡ್‌ಸೊಮ್ಮಾರ್'ನ (2019) ನಿರ್ದೇಶಕರ ಪ್ರತಿ ಸುಮಾರು 24 ನಿಮಿಷ ಉದ್ದ.

ಆದ್ದರಿಂದ ಮಾತಿಗೆ ಮುಂಚೆ ಅವಧಿ ಹೋಲಿಸಿ. ಒಂದು ಎಚ್ಚರ: ಯುರೋಪಿನ ಹಳೆಯ ಪಾಲ್ (ಅಲ್ಲಿನ ಟಿವಿ ಪದ್ಧತಿ) ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು 25ರಲ್ಲಿ ಓಡಿಸುತ್ತಾರೆ. 108 ನಿಮಿಷದ್ದು 104ಕ್ಕೆ ಇಳಿಯುತ್ತದೆ, ಒಂದು ಫ್ರೇಮೂ ಕತ್ತರಿಸಿರುವುದಿಲ್ಲ. ವ್ಯತ್ಯಾಸ ನೂರಕ್ಕೆ ನಾಲ್ಕರ ಆಸುಪಾಸಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಸದ್ದೂ ಲೆಕ್ಕಕ್ಕೆ ಬರುತ್ತದೆ. 'ಇರ್‌ರಿವರ್ಸಿಬಲ್'ನ ಮೊದಲ ಅರ್ಧ ಗಂಟೆಯಲ್ಲಿ ಸುಮಾರು 28 ಹರ್ಟ್ಜ್‌ನ ಗುಂಯ್‌ಗುಡುವಿಕೆ ಬೆರೆಸಿದ್ದಾರೆ, ಹೊಟ್ಟೆಯಲ್ಲಿ ಸಂಕಟ ಹುಟ್ಟಿಸಲೆಂದೇ. ಲ್ಯಾಪ್‌ಟಾಪ್, ಫೋನ್ ಸ್ಪೀಕರ್‌ನಲ್ಲಿ ಅದು ಹೊರಡುವುದೇ ಇಲ್ಲ. ಸಬ್‌ವೂಫರ್ ಇರುವವನು ವಾಂತಿ ಬಂತು ಎಂದರೆ, ಫೋನಿನಲ್ಲಿ ನೋಡಿದವನು ನಗಬಾರದು.

ಕೂರುವ ಏರ್ಪಾಡು, ತಲೆಸುತ್ತು ಬಂದರೆ

ಎರಡು ಗಂಟೆಯ ಸಿನಿಮಾಕ್ಕೆ ಮೂರೂವರೆ ಗಂಟೆ ಬಿಡುವಿರಲಿ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತಲ ರೂಮುಗಳಲ್ಲಿ ಗೋಡೆ ತೆಳು. ಕಿರುಚಾಟ ಪಕ್ಕದ ಮನೆಯ ಆಂಟಿಗೆ ಕೇಳಿಸಿದರೆ ಓನರ್‌ವರೆಗೆ ಹೋಗುತ್ತದೆ. ಒಂದು ಲ್ಯಾಪ್‌ಟಾಪಿಗೆ ಎರಡು ಇಯರ್‌ಫೋನ್ ಹಾಕುವ ಸ್ಪ್ಲಿಟರ್ ತಂದಿಟ್ಟುಕೊಳ್ಳಿ. ಮನೆಯವರ ಓಟಿಟಿ ಖಾತೆಯಲ್ಲಿ ನೋಡುವುದಾದರೆ ನಿಮ್ಮದೇ ಪ್ರೊಫೈಲ್ ಮಾಡಿ ಪಿನ್ ಹಾಕಿ. ಇಲ್ಲದಿದ್ದರೆ ಅಮ್ಮ ಧಾರಾವಾಹಿ ಹುಡುಕುವಾಗ ಅರ್ಧ ನೋಡಿದ ಸಿನಿಮಾದ ಪೋಸ್ಟರ್ ಮೊದಲ ಸಾಲಿನಲ್ಲೇ ಕಾಣುತ್ತದೆ.

ಬೆಳಕು ಪೂರ್ತಿ ಆರಿಸಬೇಡಿ. "ಸಾಕು" ಎಂದರೆ ನಿಲ್ಲಿಸುವುದು, ಕಾರಣ ಕೇಳುವಂತಿಲ್ಲ ಎಂದು ಮೊದಲೇ ಒಪ್ಪಿಕೊಂಡಿರಿ. ರಕ್ತ ನೋಡಿ ಬೆವರು, ಆಕಳಿಕೆ, ಕಣ್ಣು ಮಂಜಾಗುವುದು ಶುರುವಾದರೆ ಅದು ಪುಕ್ಕಲುತನವಲ್ಲ. ಹೃದಯ ಬಡಿತ, ರಕ್ತದೊತ್ತಡ ಒಮ್ಮೆಗೇ ಇಳಿಯುತ್ತಿದೆ ಎಂದರ್ಥ. ತಕ್ಷಣ ಅಂಗಾತ ಮಲಗಿಸಿ ಕಾಲು ಎತ್ತರಕ್ಕಿಡಿ. ತಲೆಸುತ್ತಿನ ಸುಳಿವು ಸಿಕ್ಕಾಗಲೇ ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10-15 ಸೆಕೆಂಡ್ ಬಿಗಿಹಿಡಿದು, 20-30 ಸೆಕೆಂಡ್ ಸಡಿಲಿಸಿ, ಹೀಗೆ ಐದು ಸಲ ಮಾಡಿದರೆ ಒತ್ತಡ ಮೇಲೇರುತ್ತದೆ. ಎಬ್ಬಿಸಿ ಬಾತ್‌ರೂಮಿಗೆ ನಡೆಸಿಕೊಂಡು ಹೋಗುವುದೇ ಎಲ್ಲರೂ ಮಾಡುವ ತಪ್ಪು, ಬಿದ್ದು ತಲೆ ಒಡೆಯುವುದು ಅಲ್ಲೇ.

ಎಲ್ಲಿ ಮಾತಾಡೋದು

ಮುಗಿದ ಕೂಡಲೇ ರೂಮಿನಲ್ಲಿ ಶುರುವಾಗುವ ಮಾತು ಹೆಚ್ಚಾಗಿ ಜಂಬದ್ದು: "ನಾನು ಕಣ್ಣೇ ಮುಚ್ಚಲಿಲ್ಲ." ಅದು ಖರ್ಚಾಗಲಿ ಬಿಡಿ. ನಿಜವಾದ ಚರ್ಚೆಗೆ ಮರುದಿನ ಸಂಜೆ ತುಮಕೂರಿನ ಅಮಾನಿಕೆರೆ ಸುತ್ತ ನಡೆಯುತ್ತಾ ಮಾತಾಡುವುದು ವಾಸಿ. ಮುಖ ನೋಡಿಕೊಂಡು ಕೂರಬೇಕಿಲ್ಲ, ಹೇಳಲು ಮುಜುಗರದ್ದೂ ಹೊರಗೆ ಬರುತ್ತದೆ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹೊತ್ತಿನ ಲೆಕ್ಕದಲ್ಲಿ ಹೇಳಿಮಾಡಿಸಿದ್ದು, ಆದರೆ ಎದುರು ಸೀಟಿನಲ್ಲಿ ತಟ್ಟೆ ಇಡ್ಲಿ ಪೊಟ್ಟಣ ಬಿಚ್ಚಿದವರ ಮುಂದೆ ಬೆರಳಿನ ದೃಶ್ಯ ವರ್ಣಿಸುವುದು ಮರ್ಯಾದೆಯಲ್ಲ. ವಾಟ್ಸ್ಆ್ಯಪ್ ಎಲ್ಲಕ್ಕಿಂತ ಕೆಟ್ಟದು. ಬರಹದಲ್ಲಿ ದನಿ ಕೇಳಿಸುವುದಿಲ್ಲ, ತಮಾಷೆ ಚುಚ್ಚುಮಾತಾಗುತ್ತದೆ. ಕ್ಲಿಪ್ ಕಳಿಸಿದರೆ ಗೆಳೆಯನ ಫೋನಿನಲ್ಲಿ ತಾನಾಗಿ ಇಳಿದು ಗ್ಯಾಲರಿಯಲ್ಲಿ ಮದುವೆ ಫೋಟೊಗಳ ನಡುವೆ ಕೂರುತ್ತದೆ. ಲೈಂಗಿಕ ದೃಶ್ಯವಾಗಿದ್ದರೆ ಅಂಥದನ್ನು ಕಳಿಸುವುದನ್ನೇ ಅಪರಾಧ ಎನ್ನುವ ಐಟಿ ಕಾಯ್ದೆಯ 67ಎ ಕಲಮೂ ಇದೆ.

ಮುಂದಿನದನ್ನು ಆರಿಸುವುದು ವಾದ ಎಲ್ಲಿ ಸಿಕ್ಕಿಕೊಂಡಿತು ಎಂಬುದರ ಮೇಲೆ. "ಇದನ್ನ ತೋರಿಸಲೇಬೇಕಿತ್ತಾ?" ಎಂಬಲ್ಲಿ ನಿಂತಿದ್ದರೆ 'ಟೆಕ್ಸಸ್'. "ನೋಡೋ ನಮ್ದೂ ತಪ್ಪಲ್ವಾ?" ಎಂಬಲ್ಲಿ ನಿಂತಿದ್ದರೆ 'ಫನಿ ಗೇಮ್ಸ್'. ನೋವಿಗೆ ಅರ್ಥವಿದೆಯೇ ಎಂಬಲ್ಲಿ ನಿಂತಿದ್ದರೆ 'ಮಾರ್ಟರ್ಸ್', ಅದೂ ಒಂದು ತಿಂಗಳು ಬಿಟ್ಟು. ಗೆಳೆಯ ಏನೂ ಹೇಳದೆ ಸುಮ್ಮನಾಗಿದ್ದರೆ "ಹೆಂಗಿತ್ತು?" ಎಂದು ಕೆದಕಬೇಡಿ. ಎರಡು ದಿನ ಬಿಟ್ಟು ಬೇರೇನಾದರೂ ನೆಪಕ್ಕೆ ಫೋನ್ ಮಾಡಿ. ಸಿನಿಮಾದ ಮಾತು ಎತ್ತುವುದಾದರೆ ಆತನೇ ಎತ್ತಲಿ.